ಹೊಳೆಯ ಮಟ್ಟ ಬರೆದಿಡುವವರಿಗೆ ಸಂಬಳ ಯಾಕೆ ಕೊಡಬೇಕು?

ಅಮೆರಿಕದ ಒಮಾಹಾ ನಗರದ ಹತ್ತಿರ ಒಂದು ಹವಾಮಾನ ಕಚೇರಿ ಇದೆ. ಅಲ್ಲಿಂದ ದಿನಕ್ಕೆ ಎರಡು ಸಲ ಒಂದು ಬಲೂನು ಮೇಲಕ್ಕೆ ಹೋಗುತ್ತಿತ್ತು. ಬಲೂನಿನ ಕೆಳಗೆ ದಾರದಲ್ಲಿ ನೇತಾಡುವ ಒಂದು ಪುಟ್ಟ ಡಬ್ಬಿ. ಗಾಳಿಯ ಬಿಸಿ ಎಷ್ಟು, ತೇವ ಎಷ್ಟು, ಒತ್ತಡ ಎಷ್ಟು ಅಂತ ಏರುತ್ತಾ ಏರುತ್ತಾ ರೇಡಿಯೊದಲ್ಲಿ ಹೇಳುತ್ತಾ ಹೋಗುವುದು ಅದರ ಕೆಲಸ. ಸುಮಾರು 30 ಕಿಲೋಮೀಟರ್ ಏರುವ ಹೊತ್ತಿಗೆ ಬಲೂನು ಉಬ್ಬಿ ಉಬ್ಬಿ ಒಡೆಯುತ್ತದೆ. ಡಬ್ಬಿ ಪ್ಯಾರಾಚೂಟಿನಲ್ಲಿ ಯಾರದೋ ಹೊಲಕ್ಕೆ ಇಳಿಯುತ್ತದೆ. ಅಷ್ಟೇ ಕಥೆ.

2025ರ ಮಾರ್ಚ್‌ನಲ್ಲಿ ಒಮಾಹಾದಲ್ಲಿ ಬಲೂನು ಬಿಡುವುದು ನಿಂತಿತು. ರ್‍ಯಾಪಿಡ್ ಸಿಟಿಯಲ್ಲೂ ನಿಂತಿತು. ಅಲಾಸ್ಕಾದ ಕಾಟ್ಜೆಬ್ಯೂ ಎಂಬಲ್ಲಿ ಅದಕ್ಕೂ ಮೊದಲೇ ನಿಂತಿತ್ತು. ಬಲೂನು ಕೆಟ್ಟಿರಲಿಲ್ಲ, ಗ್ಯಾಸ್ ಖಾಲಿಯಾಗಿರಲಿಲ್ಲ. ಬಿಡುವುದಕ್ಕೆ ಜನ ಸಾಲಲಿಲ್ಲ, ಅಷ್ಟೆ.

ಮಾರನೇ ದಿನ ಏನಾಯಿತು? ಏನೂ ಆಗಲಿಲ್ಲ. ಮೊಬೈಲ್ ತೆಗೆದವರಿಗೆ ಎಂದಿನಂತೆ ಮೋಡದ ಚಿತ್ರ ಕಂಡಿತು, ಸಂಜೆ ಮಳೆ ಶೇಕಡಾ ಇಷ್ಟು ಅಂತ ಕಂಡಿತು. ಜಗತ್ತಿನ ನೂರಾರು ಕಡೆಯಿಂದ ಒಂದೇ ಹೊತ್ತಿಗೆ ಇಂಥ ಬಲೂನುಗಳು ಏರುತ್ತವೆ. ಅದರಲ್ಲಿ ಎರಡು ಮೂರು ಕಮ್ಮಿಯಾದರೆ ಮುನ್ಸೂಚನೆ ಕುಸಿದು ಬೀಳುವುದಿಲ್ಲ, ಒಂಚೂರು ಮಂಕಾಗುತ್ತದೆ. ಆ ಒಂಚೂರನ್ನು ಯಾರೂ ಗಮನಿಸುವುದಿಲ್ಲ. ಬಜೆಟ್ ಕತ್ತರಿ ಹಿಡಿದವರಿಗೆ ಇದಕ್ಕಿಂತ ಸಲೀಸಾದ ಜಾಗ ಬೇರೆ ಎಲ್ಲಿದೆ?

ಸರ್ಕಾರಿ ಭೂವಿಜ್ಞಾನ ಎಂದರೆ ಇಂಥ ಕೆಲಸಗಳ ದೊಡ್ಡ ಮೂಟೆ. ಅಮೆರಿಕದಲ್ಲಿ 1879ರಲ್ಲಿ ಶುರುವಾದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್, ಸಾಗರ ಮತ್ತು ಹವಾಮಾನ ನೋಡಿಕೊಳ್ಳುವ ನೋವಾ, ಮೇಲಿನಿಂದ ಭೂಮಿಯನ್ನು ನೋಡುವ ನಾಸಾದ ಉಪಗ್ರಹಗಳು. ಭಾರತದಲ್ಲಿ 1851ರ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, 1875ರ ಹವಾಮಾನ ಇಲಾಖೆ. ಹೆಚ್ಚುಕಮ್ಮಿ ಎಲ್ಲ ದೇಶಗಳಲ್ಲೂ ಇಂಥವು ಇವೆ. ಭೂಮಿಯ ಲೆಕ್ಕಪುಸ್ತಕ ಬರೆಯುವ ಗುಮಾಸ್ತರು ಅಂದುಕೊಳ್ಳಿ.

ಈಗ ಜಗಳ ಜೋರಾಗಿರುವುದು ಅಮೆರಿಕದಲ್ಲಿ. 2025ರ ಫೆಬ್ರವರಿಯಲ್ಲಿ ನೋವಾದಿಂದ ನೂರಾರು ಜನರನ್ನು ಒಮ್ಮೆಗೇ ಮನೆಗೆ ಕಳಿಸಿದರು. 2026ರ ಸಾಲಿಗೆ ಟ್ರಂಪ್ ಸರ್ಕಾರ ಮಂಡಿಸಿದ ಬಜೆಟ್ ಪ್ರಸ್ತಾವದಲ್ಲಿ ನಾಸಾದ ಭೂವಿಜ್ಞಾನದ ಹಣವನ್ನು ಸುಮಾರು ಅರ್ಧಕ್ಕೆ ಇಳಿಸುವ, ನೋವಾದ ಸಂಶೋಧನಾ ವಿಭಾಗವನ್ನೇ ಮುಚ್ಚುವ ಮಾತಿತ್ತು. ಅಲ್ಲಿನ ಸಂಸತ್ತು ಅದನ್ನು ಹಾಗೇ ಒಪ್ಪಲಿಲ್ಲ. ಆದರೆ ಪ್ರಶ್ನೆ ಮೇಜಿನ ಮೇಲೆ ಬಂದಾಯಿತು. ಇದಕ್ಕೆಲ್ಲ ತೆರಿಗೆ ಹಣ ಯಾಕೆ? ಬೇಕಾದವರು ದುಡ್ಡು ಕೊಟ್ಟು ಕೊಳ್ಳಲಿ, ಮಾರುವವರು ಮಾರಲಿ. ಕೇಳಲು ತಪ್ಪೇನೂ ಇಲ್ಲದ ಪ್ರಶ್ನೆ ಇದು. ಬೈದು ಸುಮ್ಮನಾಗುವ ಬದಲು ಉತ್ತರ ಹುಡುಕುವುದು ಒಳ್ಳೆಯದು.

ಉತ್ತರಕ್ಕೆ ಒಂದು ಹೊಳೆಯ ಪಕ್ಕ ಹೋಗಿ ನಿಲ್ಲಬೇಕು.

ಯುಎಸ್‌ಜಿಎಸ್ ತನ್ನ ಮೊದಲ ಹೊಳೆಮಾಪಕವನ್ನು 1889ರಲ್ಲಿ ನ್ಯೂ ಮೆಕ್ಸಿಕೊದ ಎಂಬುಡೊ ಎಂಬಲ್ಲಿ ರಿಯೊ ಗ್ರಾಂಡೆ ನದಿಗೆ ಇಟ್ಟಿತು. ಈಗ ದೇಶದ ತುಂಬ ಅಂಥವು 11 ಸಾವಿರಕ್ಕೂ ಜಾಸ್ತಿ ಇವೆ. ಹೊರಗಿನಿಂದ ನೋಡಿದರೆ ದಡದಲ್ಲಿ ಒಂದು ಸಣ್ಣ ಗೂಡು, ಮೇಲೊಂದು ಆಂಟೆನಾ. ಒಳಗಿನ ಯಂತ್ರ ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ನೀರಿನ ಎತ್ತರವನ್ನು ಬರೆದುಕೊಂಡು ಉಪಗ್ರಹದ ಮೂಲಕ ಕಳಿಸುತ್ತದೆ.

ಆದರೆ ಎತ್ತರ ಯಾರಿಗೆ ಬೇಕು? ಸೇತುವೆ ಕಟ್ಟುವವರಿಗೆ, ಅಣೆಕಟ್ಟೆಯ ಗೇಟು ತೆಗೆಯುವವರಿಗೆ ಬೇಕಾದದ್ದು ಸೆಕೆಂಡಿಗೆ ಎಷ್ಟು ನೀರು ಹರಿಯುತ್ತಿದೆ ಎಂಬ ಲೆಕ್ಕ. ಅದನ್ನು ಯಂತ್ರ ನೇರವಾಗಿ ಅಳೆಯುವುದಿಲ್ಲ. ಯಾರಾದರೂ ಹೋಗಿ, ಸೇತುವೆ ಮೇಲೆ ನಿಂತೋ ದೋಣಿಯಲ್ಲಿ ಕೂತೋ, ಹೊಳೆಯ ಅಗಲವನ್ನು ಹೋಳು ಹೋಳು ಮಾಡಿ, ಒಂದೊಂದು ಹೋಳಿನ ಆಳ ಮತ್ತು ಸೆಳೆತ ಅಳೆದು ಕೂಡಿಸಬೇಕು. ಬೇಸಿಗೆಯಲ್ಲಿ ನೀರು ಮೊಣಕಾಲುದ್ದ ಇದ್ದಾಗ ಒಮ್ಮೆ. ನಡುಮಟ್ಟದಲ್ಲಿ ಹಲವು ಸಲ. ಪ್ರವಾಹ ಬಂದು ಬೇರೆಯವರೆಲ್ಲ ದಡ ಬಿಟ್ಟು ಓಡುವಾಗಲೂ ಒಮ್ಮೆ, ಯಾಕೆಂದರೆ ಆ ದಿನದ ಅಳತೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹೀಗೆ ಸಿಕ್ಕ ಚುಕ್ಕಿಗಳನ್ನು ಜೋಡಿಸಿ ಒಂದು ಗೆರೆ ಎಳೆಯುತ್ತಾರೆ. ಇಷ್ಟು ಎತ್ತರ ಎಂದರೆ ಇಷ್ಟು ಹರಿವು. ಆಮೇಲೆ ಯಂತ್ರ ಎತ್ತರ ಹೇಳಿದರೆ ಸಾಕು, ಗೆರೆ ಹರಿವನ್ನು ಹೇಳುತ್ತದೆ.

ಹೊಳೆ ಮಾತ್ರ ಸುಮ್ನೆ ಇರುವುದಿಲ್ಲ. ಒಂದು ದೊಡ್ಡ ಮಳೆಗೆ ತಳದ ಮರಳು ಕೊಚ್ಚಿ ಹೋದರೆ ಅದೇ ಎತ್ತರಕ್ಕೆ ಜಾಸ್ತಿ ನೀರು ಹರಿಯತೊಡಗುತ್ತದೆ. ಹೂಳು ತುಂಬಿದರೆ ಉಲ್ಟಾ. ಹಳೆಯ ಗೆರೆ ರಾತ್ರೋರಾತ್ರಿ ಸುಳ್ಳಾಗುತ್ತದೆ, ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಮತ್ತೆ ಹೋಗಬೇಕು, ಮತ್ತೆ ಅಳೆಯಬೇಕು. ಸೆನ್ಸರ್ ಇಟ್ಟು ಬಂದರೆ ಮುಗೀತಲ್ಲ, ಇಷ್ಟೊಂದು ನೌಕರರು ಯಾಕೆ ಅಂತ ಕೇಳುವವರಿಗೆ ಉತ್ತರ ಇಲ್ಲೇ ಇದೆ.

ನೂರು ವರ್ಷದ ಪ್ರವಾಹ ಅನ್ನುವ ಮಾತು ಕೇಳಿರುತ್ತೀರಿ. ನೂರು ವರ್ಷಕ್ಕೊಮ್ಮೆ ಬರುತ್ತದೆ ಅಂತ ಅದರ ಅರ್ಥ ಅಲ್ಲ. ಯಾವುದೇ ವರ್ಷ ಅಷ್ಟು ನೀರು ಬರುವ ಸಂಭವ ಶೇಕಡಾ 1 ಅಂತ. ಈ ಅಂಕಿ ಹುಟ್ಟುವುದು ಹಳೆಯ ದಾಖಲೆಯಿಂದ. 10 ವರ್ಷದ ದಾಖಲೆ ಇಟ್ಟುಕೊಂಡು ಇದನ್ನು ಹೇಳುವುದು ಹೆಚ್ಚುಕಮ್ಮಿ ಜ್ಯೋತಿಷ್ಯ. 80 ವರ್ಷದ್ದು ಇದ್ದರೆ ನಂಬಬಹುದಾದ ಅಂದಾಜು. ಅಂದಾಜು ಕಮ್ಮಿಯಾದರೆ ಸೇತುವೆ ಕೊಚ್ಚಿ ಹೋಗುತ್ತದೆ. ಜಾಸ್ತಿಯಾದರೆ ಬೇಡದ ಕಾಂಕ್ರೀಟಿಗೆ ದುಡ್ಡು ಸುರಿದಂತೆ. ಸರಿಯಾದ ಅಂದಾಜಿನಿಂದ ಉಳಿದ ಹಣ ಯಾರ ರಸೀದಿಯಲ್ಲೂ ಬರುವುದಿಲ್ಲ. ಹೊಳೆಮಾಪಕದ ದೆಸೆಯಿಂದ ಈ ಸೇತುವೆಗೆ ಇಷ್ಟು ಉಳಿತಾಯ ಅಂತ ಯಾವ ಕಂಟ್ರಾಕ್ಟರೂ ಬೋರ್ಡು ಹಾಕುವುದಿಲ್ಲ. ಮಾಪಕದ ಖರ್ಚು ಮಾತ್ರ ಪ್ರತಿ ವರ್ಷ ಬಜೆಟ್ ಪುಸ್ತಕದಲ್ಲಿ ಎದ್ದು ಕಾಣುತ್ತದೆ.

ಲಾಭ ಪಡೆಯುವವರು ಲಕ್ಷಾಂತರ, ಅವರಿಗೆ ಅದು ಗೊತ್ತಿಲ್ಲ. ಖರ್ಚು ಒಂದೇ ಸಾಲಿನಲ್ಲಿದೆ, ಅದು ಎಲ್ಲರಿಗೂ ಗೊತ್ತು. ಈ ವಿಜ್ಞಾನದ ಪಾಡು ಇದೇ.

ಹಾಗಾದರೆ ಮಾರಿದರೆ ಆಗದಾ? ಇದನ್ನು ಊಹೆ ಮಾಡಬೇಕಾಗಿಲ್ಲ. ಒಮ್ಮೆ ಮಾರಿ ನೋಡಿದ್ದಾರೆ.

1972ರ ಜುಲೈನಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಭೂಮಿಯ ನೆಲವನ್ನು ಬಿಡದೆ ಚಿತ್ರ ತೆಗೆಯುವ ಕೆಲಸ ಶುರು ಮಾಡಿತು. 1984ರಲ್ಲಿ ಅಮೆರಿಕದ ಸಂಸತ್ತು ಇದನ್ನು ಖಾಸಗಿಯವರಿಗೆ ಒಪ್ಪಿಸುವ ಕಾನೂನು ಮಾಡಿತು, ಮಾರನೇ ವರ್ಷ ಇಯೋಸ್ಯಾಟ್ ಎಂಬ ಕಂಪನಿ ವಹಿಸಿಕೊಂಡಿತು. ಒಂದು ಚಿತ್ರದ ಬೆಲೆ ಏರುತ್ತಾ 4,400 ಡಾಲರ್‌ವರೆಗೂ ಹೋಯಿತು. ವಿಶ್ವವಿದ್ಯಾಲಯಗಳು ಕೊಳ್ಳುವುದನ್ನು ಕಮ್ಮಿ ಮಾಡಿದವು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಕೊಳ್ಳುವವರು ಇಲ್ಲದ ಜಾಗದ ಚಿತ್ರ ಯಾಕೆ ತೆಗೆಯಬೇಕು ಅಂತ ಕಂಪನಿ ಹಲವು ಕಡೆ ತೆಗೆಯುವುದನ್ನೇ ಬಿಟ್ಟಿತು. ವ್ಯಾಪಾರದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ವರ್ಷಗಳಲ್ಲಿ ಭೂಮಿಯ ಎಷ್ಟೋ ಭಾಗ ಹೇಗಿತ್ತು ಅಂತ ಈಗ ಎಷ್ಟು ಕೋಟಿ ಸುರಿದರೂ ಆ ಚಿತ್ರ ಸಿಗುವುದಿಲ್ಲ. 1992ರಲ್ಲಿ ಹೊಸ ಕಾನೂನು ಮಾಡಿ ಕಾರ್ಯಕ್ರಮವನ್ನು ಸರ್ಕಾರಕ್ಕೇ ವಾಪಸ್ ತಂದರು.

ಆಮೇಲೂ ಬೆಲೆ ಇತ್ತು, ಚಿತ್ರಕ್ಕೆ ಸುಮಾರು 600 ಡಾಲರ್. ಅತಿ ಹೆಚ್ಚು ಮಾರಾಟವಾದ 2001ರಲ್ಲಿ ಹೋದದ್ದು ಸುಮಾರು 25 ಸಾವಿರ ಚಿತ್ರ. 2008ರಲ್ಲಿ ಎಲ್ಲವನ್ನೂ ಪುಕ್ಕಟೆ ಮಾಡಿದರು. ಅದಾದ ಒಂದೇ ವರ್ಷದಲ್ಲಿ ಜನ ಇಳಿಸಿಕೊಂಡದ್ದು 10 ಲಕ್ಷಕ್ಕೂ ಜಾಸ್ತಿ.

ಪುಕ್ಕಟೆ ಅಂದರೆ ಯಾರಾದರೂ ಬಾಚಿಕೊಳ್ಳುತ್ತಾರೆ, ಅದೇನು ಮಹಾ ಅನ್ನಬಹುದು. ಬಾಚಿಕೊಂಡು ಏನು ಮಾಡಿದರು ನೋಡಿ. 2013ರಲ್ಲಿ ಇಡೀ ಜಗತ್ತಿನ ಕಾಡು ಎಲ್ಲಿ ಕಡಿಮೆಯಾಯಿತು, ಎಲ್ಲಿ ಬೆಳೆಯಿತು ಅಂತ ತೋರಿಸುವ ನಕ್ಷೆ ಬಂತು. ಅದಕ್ಕೆ ಬಳಸಿದ್ದು ಸುಮಾರು ಆರೂವರೆ ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರ. ಹಳೆಯ 600 ಡಾಲರ್ ಬೆಲೆಯಲ್ಲಿ ಲೆಕ್ಕ ಹಾಕಿದರೆ ಬರೀ ಚಿತ್ರಗಳಿಗೇ 39 ಕೋಟಿ ಡಾಲರ್. ಯಾವ ಸಂಶೋಧಕರೂ ಆ ನಕ್ಷೆಯ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಬೆಲೆ ಇಟ್ಟಾಗ ಸರ್ಕಾರಕ್ಕೆ ಬಂದದ್ದು ಪುಡಿಗಾಸು. ಬೆಲೆ ತೆಗೆದಾಗ ಹುಟ್ಟಿದ್ದು ಹೊಸ ಕೆಲಸಗಳ ಒಂದು ಸಂತೆಯೇ. ನನಗೆ ಇಡೀ ವಾದದಲ್ಲಿ ಅತಿ ಗಟ್ಟಿ ಅನ್ನಿಸುವ ಸಾಕ್ಷಿ ಇದು.

ಗಟ್ಟಿ ಅಂದೆ, ಯಾಕೆಂದರೆ ಈ ವಿಷಯದಲ್ಲಿ ಓಡಾಡುವ ಉಳಿದ ಅಂಕಿಗಳು ಅಷ್ಟು ಗಟ್ಟಿಯಲ್ಲ. ಲ್ಯಾಂಡ್‌ಸ್ಯಾಟ್‌ನಿಂದ 2017ರಲ್ಲಿ 345 ಕೋಟಿ ಡಾಲರ್ ಲಾಭ ಆಯಿತು ಅಂತ ಯುಎಸ್‌ಜಿಎಸ್ ಅಂದಾಜು ಮಾಡಿದೆ. ಹೇಗೆ? ಬಳಸುವವರನ್ನೇ ಕೇಳಿ, ಇದು ಪುಕ್ಕಟೆ ಸಿಗದಿದ್ದರೆ ಎಷ್ಟು ಕೊಡುತ್ತಿದ್ದಿರಿ ಅಂತ. ಕೊಡಬೇಕಾಗಿಲ್ಲ ಅಂತ ಗೊತ್ತಿದ್ದಾಗ ಬಾಯಲ್ಲಿ ಹೇಳುವ ಬೆಲೆಯೇ ಬೇರೆ, ಅಲ್ವಾ? ಭಾರತದಲ್ಲಿ ಆರ್ಥಿಕ ಸಂಶೋಧನೆ ಮಾಡುವ ಎನ್‌ಸಿಎಇಆರ್ ಸಂಸ್ಥೆ 2020ರಲ್ಲಿ, ಮಳೆಗಾಲದ ಮುನ್ಸೂಚನೆ ಸುಧಾರಿಸುವ ಮಾನ್ಸೂನ್ ಮಿಷನ್ ಮತ್ತು ಸೂಪರ್ ಕಂಪ್ಯೂಟರ್‌ಗಳಿಗೆ ಹಾಕಿದ ಸುಮಾರು 1,000 ಕೋಟಿ ರೂಪಾಯಿಯ ಬಗ್ಗೆ ವರದಿ ಕೊಟ್ಟಿತು. ಒಂದು ರೂಪಾಯಿಗೆ 50 ರೂಪಾಯಿ ಲಾಭ ಅಂತ ಅದರ ಲೆಕ್ಕ. ಆ ವರದಿ ಮಾಡಿಸಿದ್ದು ಹಣ ಹಾಕಿದ ಸಚಿವಾಲಯವೇ. ಸುಳ್ಳು ಅಂತ ನಾನು ಹೇಳುತ್ತಿಲ್ಲ. ರೈತರು ಮುನ್ಸೂಚನೆ ನೋಡಿ ಬಿತ್ತನೆ ಮುಂದೂಡುವುದು, ಮೀನುಗಾರರು ಮೀನು ಇರುವ ಜಾಗದ ಸೂಚನೆ ನೋಡಿ ಡೀಸೆಲ್ ಉಳಿಸುವುದು ನಿಜವೇ. ಆದರೆ 50 ಅನ್ನುವುದನ್ನು 20 ಇರಬಹುದು, 60 ಇರಬಹುದು ಅಂತ ಓದಿಕೊಳ್ಳುವುದು ಮೇಲು. 20 ಆದರೂ ಇಷ್ಟು ಬಡ್ಡಿ ಕೊಡುವ ಬ್ಯಾಂಕು ಎಲ್ಲೂ ಇಲ್ಲ.

ಅಮೆರಿಕದ ಕೆಂಟಕಿ ರಾಜ್ಯದ ಕಥೆ ನನಗೆ ಇಷ್ಟ. 1960ರಿಂದ 1978ರವರೆಗೆ ಅಲ್ಲಿ ಇಡೀ ರಾಜ್ಯದ ನೆಲದಡಿಯ ಕಲ್ಲುಮಣ್ಣಿನ ನಕ್ಷೆ ಮಾಡಿದರು, 707 ಹಾಳೆ. 1999ರ ಡಾಲರ್ ಬೆಲೆಯ ಲೆಕ್ಕದಲ್ಲಿ ಸುಮಾರು 9 ಕೋಟಿ ಡಾಲರ್ ಖರ್ಚು. 2000ದಲ್ಲಿ ಅದನ್ನು ಬಳಸಿದವರನ್ನು ಹುಡುಕಿ ಲೆಕ್ಕ ಹಾಕಿದಾಗ ಲಾಭ ಖರ್ಚಿನ 25ರಿಂದ 39 ಪಟ್ಟು ಅಂತ ಬಂತು. ಪಟ್ಟು ಎಷ್ಟು ಅನ್ನುವುದಕ್ಕಿಂತ ಬಳಸಿದವರು ಯಾರು ಅನ್ನುವುದು ಸ್ವಾರಸ್ಯ. ನಕ್ಷೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಕಲ್ಲಿದ್ದಲು ಮತ್ತು ಖನಿಜ. ಆಮೇಲೆ ಬಳಸಿದವರಲ್ಲಿ ಅಂತರ್ಜಲ ಹುಡುಕುವವರು, ಕಸದ ಗುಂಡಿಗೆ ಜಾಗ ನೋಡುವವರು, ರಸ್ತೆ ಮಾಡುವವರು, ಊರಿನ ಯೋಜನೆ ಹಾಕುವವರು ಎಲ್ಲ ಇದ್ದರು. ಮಾಡಿದವರಿಗೆ ಗೊತ್ತೇ ಇರದ ಗಿರಾಕಿಗಳು. ಇನ್ನೂ ಹುಟ್ಟಿರದ ಗಿರಾಕಿಗೆ ಯಾವ ಕಂಪನಿ ತಾನೇ ಸರಕು ತಯಾರಿಸುತ್ತದೆ?

ಇನ್ನು ಅಪಾಯದ ಮುನ್ಸೂಚನೆ. ಇಲ್ಲಿ ಎಲ್ಲರೂ ಹೇಳುವುದು ಜೀವ ಉಳಿದ ಕಥೆ. ನಾನು ಮೊದಲು ಹೇಳುವುದು ಏನೂ ಆಗದ ಒಂದು ಕಥೆ.

1986ರ ಮೇ ತಿಂಗಳಲ್ಲಿ ಅಲಾಸ್ಕಾದ ಅಲೂಷಿಯನ್ ದ್ವೀಪಗಳ ಹತ್ತಿರ ದೊಡ್ಡ ಭೂಕಂಪ ಆಯಿತು. ಸುನಾಮಿ ಬರುತ್ತದೆ ಅಂತ ಹವಾಯಿಯಲ್ಲಿ ಕರಾವಳಿ ಖಾಲಿ ಮಾಡಿಸಿದರು. ಬಂದ ಅಲೆ ಪುಟ್ಟದು. ಅಂಗಡಿ, ಕಚೇರಿ, ಬಂದರು ಎಲ್ಲ ಮುಚ್ಚಿದ್ದಕ್ಕೆ ಸುಮಾರು 4 ಕೋಟಿ ಡಾಲರ್ ನಷ್ಟ ಅಂತ ಅಂದಾಜು. ಭೂಕಂಪದ ಬಲ ಗೊತ್ತಿತ್ತು, ಸಾಗರದ ನಡುವೆ ಅಲೆ ಎಷ್ಟು ಎತ್ತರ ಇದೆ ಅಂತ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಡಾರ್ಟ್ ಎಂಬ ಸಾಧನ ಮಾಡಿದರು. ಸಮುದ್ರದ ತಳದಲ್ಲಿ ಕೂತು ಮೇಲಿರುವ ನೀರಿನ ಭಾರ ಅಳೆಯುತ್ತದೆ, ಮೇಲೆ ತೇಲುವ ಬುರುಡೆ ಸುದ್ದಿಯನ್ನು ಉಪಗ್ರಹಕ್ಕೆ ದಾಟಿಸುತ್ತದೆ. 2003ರ ನವೆಂಬರ್ 17ರಂದು ಅದೇ ಅಲೂಷಿಯನ್ ಸಾಲಿನಲ್ಲಿ ಮತ್ತೆ 7.8ರ ಭೂಕಂಪ. ಈ ಸಲ ಡಾರ್ಟ್ ಅಲೆಯನ್ನು ಅಳೆಯಿತು. ಸಣ್ಣದು, ಓಡಬೇಕಾಗಿಲ್ಲ ಅಂತ ಗೊತ್ತಾಯಿತು. ಹವಾಯಿಯಲ್ಲಿ ಜನ ಎಂದಿನಂತೆ ಕೆಲಸಕ್ಕೆ ಹೋದರು. ಉಳಿದದ್ದು ಸುಮಾರು 6.8 ಕೋಟಿ ಡಾಲರ್ ಅಂತ ನೋವಾ ಹೇಳುತ್ತದೆ. ಬೇಡ, ಇದ್ದಲ್ಲೇ ಇರಿ ಅಂತ ಧೈರ್ಯವಾಗಿ ಹೇಳುವುದಕ್ಕೂ ಅಳತೆ ಬೇಕು. ಸುಮ್ನೆ ಕೂಗುವವರನ್ನು ಮೂರನೇ ಸಲ ಯಾರೂ ನಂಬುವುದಿಲ್ಲ.

ಅದರ ಮರುವರ್ಷವೇ, 2004ರ ಡಿಸೆಂಬರ್ 26ರಂದು, ಹಿಂದೂ ಮಹಾಸಾಗರದಲ್ಲಿ ಸುನಾಮಿ ಎದ್ದಿತು. ಅಲೆ ಭಾರತದ ಪೂರ್ವ ಕರಾವಳಿ ಮುಟ್ಟಲು ಸುಮಾರು ಎರಡು ಗಂಟೆ ತೆಗೆದುಕೊಂಡಿತು. ಎರಡು ಗಂಟೆ ಕೈಯಲ್ಲಿತ್ತು. ಆ ಸಾಗರದಲ್ಲಿ ಎಚ್ಚರಿಸುವ ವ್ಯವಸ್ಥೆಯೇ ಇರಲಿಲ್ಲ. ಸತ್ತವರು ಎಲ್ಲ ದೇಶಗಳಲ್ಲಿ ಸೇರಿ ಎರಡು ಲಕ್ಷಕ್ಕೂ ಜಾಸ್ತಿ. ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

ಜ್ವಾಲಾಮುಖಿಗಳ ವಿಷಯದಲ್ಲೂ ಹೀಗೇ ಒಂದು ಜೋಡಿ ಕಥೆ ಇದೆ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದು, ಕರಗಿದ ಹಿಮ ಮತ್ತು ಕೆಸರು ಅರ್ಮೇರೊ ಪಟ್ಟಣವನ್ನು ಮುಚ್ಚಿತು. ಸುಮಾರು 23 ಸಾವಿರ ಜನ ಹೋದರು. ಅಪಾಯದ ನಕ್ಷೆ ಅದಕ್ಕೆ ಒಂದು ತಿಂಗಳು ಮುಂಚೆಯೇ ತಯಾರಾಗಿತ್ತು. ಅರ್ಮೇರೊ ಅದರಲ್ಲಿ ಅಪಾಯದ ಜಾಗದಲ್ಲೇ ಇತ್ತು. ಈ ನೋವಿನ ಮೇಲೆ ಯುಎಸ್‌ಜಿಎಸ್ ಬೇರೆ ದೇಶಗಳಿಗೂ ಓಡಿ ಹೋಗಬಲ್ಲ ಒಂದು ಜ್ವಾಲಾಮುಖಿ ತಂಡ ಕಟ್ಟಿತು. 1991ರಲ್ಲಿ ಫಿಲಿಪೀನ್ಸ್‌ನ ಪಿನಟುಬೊ ಸುಮಾರು 500 ವರ್ಷದ ನಿದ್ದೆಯಿಂದ ಎದ್ದಾಗ ಅದೇ ತಂಡ ಅಲ್ಲಿನ ವಿಜ್ಞಾನಿಗಳ ಜೊತೆ ಕೂತಿತು. ಜೂನ್ 10ರಂದು ಕ್ಲಾರ್ಕ್ ವಾಯುನೆಲೆ ಖಾಲಿಯಾಯಿತು, ಸುತ್ತಲಿನ ಊರುಗಳಿಂದಲೂ ಸಾವಿರಾರು ಜನ ಹೊರಟರು. ಜೂನ್ 15ಕ್ಕೆ ಬೆಟ್ಟದ ತಲೆಯೇ ಹಾರಿತು. ಆಗಲೂ ನೂರಾರು ಜನ ಸತ್ತರು, ಬಹುಪಾಲು ಅದೇ ದಿನ ಬಂದ ಚಂಡಮಾರುತದ ಮಳೆಗೆ ನೆನೆದ ಬೂದಿಯ ಭಾರಕ್ಕೆ ಚಾವಣಿ ಕುಸಿದು. ಆದರೆ ಕಮ್ಮಿ ಅಂದರೂ 5 ಸಾವಿರ ಜೀವ, 25 ಕೋಟಿ ಡಾಲರಿನ ಆಸ್ತಿ ಉಳಿಯಿತು ಅಂತ ಆಮೇಲಿನ ಲೆಕ್ಕ.

ಅರ್ಮೇರೊ ಇನ್ನೊಂದನ್ನೂ ತೋರಿಸುತ್ತದೆ. ನಕ್ಷೆ ತಾನಾಗಿ ಯಾರನ್ನೂ ಎಬ್ಬಿಸಿ ಕರೆದುಕೊಂಡು ಹೋಗುವುದಿಲ್ಲ. 2025ರ ಜುಲೈ 4ರ ರಾತ್ರಿ ಟೆಕ್ಸಸ್‌ನ ಗ್ವಾಡಲೂಪ್ ನದಿ ಮುಕ್ಕಾಲು ಗಂಟೆಯಲ್ಲಿ 26 ಅಡಿ ಏರಿತು ಅಂತ ಅಲ್ಲಿನ ಅಧಿಕಾರಿಗಳು ಹೇಳಿದರು. ಆ ನದಿ ಹರಿಯುವ ಕೆರ್ ಕೌಂಟಿಗೆ ಹವಾಮಾನ ಸೇವೆಯ ಎಚ್ಚರಿಕೆ ರಾತ್ರಿ 1:14ಕ್ಕೇ ಹೊರಟಿತ್ತು. ಆದರೂ ರಾಜ್ಯದಲ್ಲಿ 130ಕ್ಕೂ ಜಾಸ್ತಿ ಜನ ಸತ್ತರು. ಮಲಗಿದವರ ಕಿವಿಗೆ ಎಚ್ಚರಿಕೆ ಮುಟ್ಟಿಸುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಹಣ ಮತ್ತು ಜನ ಬೇಕು. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರ ಸಂಖ್ಯೆ ಹತ್ತಾರರಲ್ಲಿ ನಿಂತಿತು. ಮುನ್ಸೂಚನೆ ಚುರುಕಾದದ್ದು ಒಂದು ಪಾಲು. ಆಶ್ರಯ ಕಟ್ಟಡಗಳು, ಮನೆಮನೆಗೆ ಹೋಗಿ ಲಕ್ಷಾಂತರ ಜನರನ್ನು ಹೊರಡಿಸಿದವರು ಇನ್ನೊಂದು ಪಾಲು. ಪೂರ್ತಿ ಕೀರ್ತಿಯನ್ನು ಉಪಗ್ರಹಕ್ಕೆ ಕೊಡುವ ಲೇಖನಗಳನ್ನು ಓದಿದಾಗ ನನಗೆ ಕಸಿವಿಸಿಯಾಗುತ್ತದೆ.

ಈಚೆಗೆ ಹೊಸದೊಂದು ವಾದ ಕೇಳಿಬರುತ್ತಿದೆ. ಎಐ ಬಂದಿದೆ, ಇನ್ನು ಹವಾಮಾನ ಇಲಾಖೆ ಯಾಕೆ ಅಂತ. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ 2023ರಲ್ಲಿ ಹತ್ತು ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಟ್ಟು ಬೆರಗು ಹುಟ್ಟಿಸಿತು. ಬೆರಗು ಸರಿಯಾದದ್ದೇ. ಆದರೆ ಅದು ಕಲಿತದ್ದು ಎಲ್ಲಿಂದ? ಯುರೋಪಿನ ದೇಶಗಳು ಸೇರಿ ನಡೆಸುವ ಹವಾಮಾನ ಕೇಂದ್ರ ಜೋಡಿಸಿಟ್ಟ 39 ವರ್ಷದ ಜಾಗತಿಕ ದಾಖಲೆಯಿಂದ. ಆ ದಾಖಲೆ ಹುಟ್ಟಿದ್ದು ಬಲೂನು, ಹಡಗು, ತೇಲುಮಾಪಕ, ಉಪಗ್ರಹಗಳಿಂದ. ಪ್ರತಿ ಮುನ್ಸೂಚನೆ ಶುರು ಮಾಡಲು ಈ ಹೊತ್ತಿನ ಆಕಾಶ ಹೇಗಿದೆ ಅಂತಲೂ ಅದಕ್ಕೆ ಯಾರಾದರೂ ಹೇಳಬೇಕು. ಒಮಾಹಾದಲ್ಲಿ ಬಲೂನು ಏರದಿದ್ದರೆ ಮಂಕಾಗುವುದು ಹಳೆಯ ಮಾದರಿ ಮಾತ್ರ ಅಲ್ಲ.

ಒಂದು ವಿಚಿತ್ರವನ್ನೂ ಹೇಳಬೇಕು. 100 ಕೋಟಿ ಡಾಲರ್ ಮೀರಿ ನಷ್ಟ ಮಾಡಿದ ವಿಕೋಪಗಳ ಪಟ್ಟಿಯನ್ನು ನೋವಾ ಇಡುತ್ತಿತ್ತು. 1980ರಿಂದ 2024ರವರೆಗೆ ಅಂಥ 403 ವಿಕೋಪಗಳು. 2025ರ ಮೇ ತಿಂಗಳಲ್ಲಿ ಆ ಪಟ್ಟಿಗೆ ಹೊಸದನ್ನು ಸೇರಿಸುವುದನ್ನು ನಿಲ್ಲಿಸಿದರು. ಆಮೇಲೆ ಕ್ಲೈಮೇಟ್ ಸೆಂಟ್ರಲ್ ಎಂಬ ಖಾಸಗಿ ಸಂಸ್ಥೆ ಅದನ್ನು ಎತ್ತಿಕೊಂಡು ಮುಂದುವರಿಸಿತು. ಈ ವಿಜ್ಞಾನದಿಂದ ಎಷ್ಟು ಲಾಭ ಅಂತ ಕೇಳುವ ಸರ್ಕಾರವೇ ನಷ್ಟ ಎಷ್ಟು ಅಂತ ಬರೆದಿಡುವುದನ್ನು ಬಿಟ್ಟಿತು.

2026ರ ಆ ಪ್ರಸ್ತಾವ ಹಾಗೇ ಜಾರಿಯಾಗಿದ್ದರೆ ಬಾಗಿಲು ಹಾಕಬೇಕಾಗಿದ್ದ ಜಾಗಗಳಲ್ಲಿ ಹವಾಯಿಯ ಮೌನಾ ಲೋವಾ ವೀಕ್ಷಣಾಲಯವೂ ಒಂದು. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಎಷ್ಟು ಅಂತ ಅಲ್ಲಿ ಅಳೆಯುತ್ತಾರೆ. ಸ್ಕ್ರಿಪ್ಸ್ ಎಂಬ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಅಲ್ಲಿ ಅಳತೆ ಶುರು ಮಾಡಿದಾಗ ಹತ್ತು ಲಕ್ಷಕ್ಕೆ 313 ಭಾಗ ಇತ್ತು. ಈಗ 420 ದಾಟಿದೆ. ಶಾಲೆಯ ಪುಸ್ತಕಗಳಲ್ಲೂ ಬರುವ ಆ ಏರುಗೆರೆ ಒಂದೇ ಸಮನೆ ಹೋದಂತೆ ಕಾಣುತ್ತದೆ. ಆದರೆ ತಿಂಗಳುವಾರು ಅಂಕಿಗಳ ಕಡತವನ್ನು ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. 1964ರಲ್ಲಿ ಸರ್ಕಾರದ ಹಣ ಕಡಿತವಾಗಿ ಕೆಲವು ತಿಂಗಳು ಅಳತೆ ನಿಂತಿತ್ತು. ಸ್ಕ್ರಿಪ್ಸ್ ಸಂಸ್ಥೆಯ ಕಡತದಲ್ಲಿ ಆ ವರ್ಷದ ಫೆಬ್ರವರಿ, ಮಾರ್ಚ್, ಏಪ್ರಿಲ್ ಸಾಲುಗಳಲ್ಲಿ, ಅಳತೆ ಬರೆಯುವ ಜಾಗದಲ್ಲಿ, ಇವತ್ತಿಗೂ ಒಂದೇ ಅಂಕಿ ಇದೆ, ಅಳತೆ ಇಲ್ಲ ಅನ್ನುವ ಗುರುತು: -99.99.